ಗಾಡಿ ನಮ್ಮದು, ಹಳಿ ಬೇರೆಯವರದು

ಒಂಟಾರಿಯೊದ ಲೆವೆಲ್ ಕ್ರಾಸಿಂಗ್‌ಗಳಲ್ಲಿ ಗೇಟು ಬೀಳುವುದನ್ನು ನೋಡುತ್ತಾ ನಾನು ಎಷ್ಟೋ ಚಳಿಗಾಲದ ಬೆಳಗುಗಳನ್ನು ಕಳೆದಿದ್ದೇನೆ. ಕೈಯಲ್ಲಿ ಒಂದು ಮೋಟು ತಂತಿ, ಎರಡೂ ತುದಿಗೆ ಹಿಡಿಕೆ. ಒಂದನ್ನು ಈ ಹಳಿಗೆ, ಇನ್ನೊಂದನ್ನು ಆ ಹಳಿಗೆ ಕಚ್ಚಿಸಿದರೆ ಹಳಿಯಲ್ಲಿ ಹರಿಯುತ್ತಿದ್ದ ಅಲ್ಪ ವಿದ್ಯುತ್ತು ತಂತಿಯ ಮೂಲಕ ಅಡ್ಡ ಹಾಯುತ್ತದೆ. ಪಕ್ಕದ ಪೆಟ್ಟಿಗೆಯೊಳಗೆ ರಿಲೇ, ಅಂದರೆ ವಿದ್ಯುತ್ತಿನಿಂದ ಎತ್ತಿಹಿಡಿದಿದ್ದ ಸ್ವಿಚ್ಚು, ಟಕ್ಕೆಂದು ಬೀಳುತ್ತದೆ. ಗಂಟೆ ಬಾರಿಸುತ್ತದೆ, ಗೇಟು ಇಳಿಯುತ್ತದೆ. ರೈಲಿನ ಗಾಲಿ ಮಾಡಬೇಕಾದ ಕೆಲಸವನ್ನು ಅಲ್ಲಿ ತಂತಿ ಮಾಡಿ ತೋರಿಸುತ್ತದೆ. ಗಾಲಿಯೂ ಅಷ್ಟೇ ನಂಬಿಕೆಯಿಂದ ಅದನ್ನು ಮಾಡುತ್ತದೆಯೇ? ಕೆನಡಾದ ಅತಿ ದೊಡ್ಡ ರೈಲು ಖರೀದಿಗಳಲ್ಲಿ ಒಂದು ಬಂದು ಸಿಕ್ಕಿಕೊಂಡಿದ್ದು ಈ ಒಂದು ಪ್ರಶ್ನೆಯಲ್ಲಿ.

ನಾನು ಸಿಗ್ನಲ್ ಇಂಜಿನಿಯರ್. ಕೆಲಸ ಕಲಿತದ್ದು ಹುಬ್ಬಳ್ಳಿಯಲ್ಲಿ, ಈಗ ದುಡಿಯುತ್ತಿರುವುದು ಇಲ್ಲಿ. ನಮ್ಮೂರಿನ ಓದುಗರಿಗೆ ಮೊದಲು ಒಂದು ಸಂಗತಿ ಹೇಳಬೇಕು. ಭಾರತದಲ್ಲಿ ಹಳಿಯೂ ರೈಲ್ವೆಯದು, ಗಾಡಿಯೂ ರೈಲ್ವೆಯದು, ಸಿಗ್ನಲ್ಲೂ ಅದರದೇ. ಎಕ್ಸ್‌ಪ್ರೆಸ್ ಬಂದರೆ ಗೂಡ್ಸ್ ಗಾಡಿ ಬದಿಯ ಲೂಪ್ ಲೈನಿನಲ್ಲಿ ಕಾಯುತ್ತದೆ. ಕೆನಡಾದಲ್ಲಿ ಹಾಗಿಲ್ಲ. ಪ್ರಯಾಣಿಕರ ರೈಲು ಓಡಿಸುವ ಸರ್ಕಾರಿ ಸಂಸ್ಥೆ ವಯಾ ರೈಲ್, ತಾನು ಬಳಸುವ ಹಳಿಗಳಲ್ಲಿ ಶೇಕಡ 3ರಷ್ಟಕ್ಕೆ ಮಾತ್ರ ಒಡೆಯ. ಉಳಿದದ್ದರಲ್ಲಿ ಬಹುಪಾಲು ಸಿಎನ್ ಎಂಬ ಸರಕು ಸಾಗಣೆ ಕಂಪನಿಯದು. ಸಿಎನ್ ಕೂಡ ಒಂದು ಕಾಲಕ್ಕೆ ಸರ್ಕಾರದ್ದೇ. 1995ರಲ್ಲಿ ಅದನ್ನು ಖಾಸಗಿಯವರಿಗೆ ಮಾರಿದಾಗ ಹಳಿಗಳೂ ಅದರ ಜೊತೆಗೇ ಹೋದವು. ಪ್ರಯಾಣಿಕರ ಗಾಡಿಗೆ ಮೊದಲ ಹಕ್ಕು ಎಂಬ ಒಂದು ಸಾಲನ್ನು ಅಂದೇ ಕಾನೂನಿನಲ್ಲಿ ಬರೆದಿಡಬಹುದಿತ್ತು. ಬರೆಯಲಿಲ್ಲ. ಆ ತಪ್ಪಿನ ಬೆಲೆಯನ್ನು ಟೊರೊಂಟೊದಿಂದ ಮಾಂಟ್ರಿಯಲ್‌ಗೆ ಹೊರಟವರು ಇಂದಿಗೂ ತೆರುತ್ತಿದ್ದಾರೆ.

2018ರ ಡಿಸೆಂಬರ್‌ನಲ್ಲಿ ವಯಾ ರೈಲ್ 32 ಹೊಸ ಗಾಡಿಗಳಿಗಾಗಿ ಸೀಮೆನ್ಸ್ ಕಂಪನಿಯೊಡನೆ 98.9 ಕೋಟಿ ಕೆನಡಾ ಡಾಲರುಗಳ ಒಪ್ಪಂದ ಮಾಡಿಕೊಂಡಿತು. ಕ್ವಿಬೆಕ್ ನಗರದಿಂದ ವಿಂಡ್ಸರ್‌ವರೆಗಿನ, ದೇಶದಲ್ಲೇ ಅತಿ ಹೆಚ್ಚು ಜನ ಓಡಾಡುವ ಮಾರ್ಗಕ್ಕೆಂದು ಕೊಂಡ ಗಾಡಿಗಳು ಅವು. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ತಯಾರಾದವು. ಎರಡೂ ದಿಕ್ಕಿಗೆ ಓಡಬಲ್ಲವು, ಗಾಲಿಕುರ್ಚಿಯವರಿಗೂ ಅನುಕೂಲವಾಗಿವೆ, ಒಳಗೆ ಸದ್ದು ಕಡಿಮೆ. ಮೊದಲ ಗಾಡಿ 2022ರ ನವೆಂಬರ್‌ನಲ್ಲಿ ಸೇವೆಗೆ ಬಂತು. ನಾನೂ ಹತ್ತಿದ್ದೇನೆ. ಒಳ್ಳೆಯ ಗಾಡಿ, ಅದರಲ್ಲಿ ಎರಡು ಮಾತಿಲ್ಲ.

2024ರ ಅಕ್ಟೋಬರ್‌ನಲ್ಲಿ ಸಿಎನ್ ಒಂದು ನಿರ್ಬಂಧ ಹಾಕಿತು. ಈ ಹೊಸ ಗಾಡಿಗಳ ಚಾಲಕರು ಅದರ ಹಳಿಯ ಮೇಲಿನ ನೂರಾರು ಲೆವೆಲ್ ಕ್ರಾಸಿಂಗ್‌ಗಳಲ್ಲಿ ವೇಗ ತಗ್ಗಿಸಬೇಕು, ಗೇಟು ಬಿದ್ದಿರುವುದನ್ನು ಕಣ್ಣಾರೆ ಕಂಡ ಮೇಲೆಯೇ ಮುಂದೆ ಹೋಗಬೇಕು. ಪ್ರಯಾಣ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಹಿಗ್ಗಿತು. ಸುಮಾರು ಎರಡು ವರ್ಷ ತೊಂದರೆಯಿಲ್ಲದೆ ಓಡಿದ್ದೇವಲ್ಲ ಎಂದು ವಯಾ ಕೇಳಿತು. ಜೀವದ ಪ್ರಶ್ನೆ ಎಂದು ಸಿಎನ್ ಹೇಳಿತು. ವಿಷಯ ನ್ಯಾಯಾಲಯದ ಮೆಟ್ಟಿಲೇರಿತು.

ಪತ್ರಿಕೆಗಳಲ್ಲಿ ಇದನ್ನು ಎರಡು ಸಂಸ್ಥೆಗಳ ಜಗಳವೆಂದು ಓದಿದವರಿಗೆ ಒಳಗಿನ ಭೌತಶಾಸ್ತ್ರ ಸಿಗಲಿಲ್ಲ. ಅದನ್ನು ತುಸು ಬಿಡಿಸಿ ಹೇಳುತ್ತೇನೆ.

ಹಳಿಯಲ್ಲಿ ಗಾಡಿ ಇದೆಯೇ ಇಲ್ಲವೇ ಎಂದು ತಿಳಿಯುವ ಟ್ರ್ಯಾಕ್ ಸರ್ಕೀಟ್ ಅನ್ನು ವಿಲಿಯಂ ರಾಬಿನ್ಸನ್ ಎಂಬ ಅಮೆರಿಕನ್ 1872ರಲ್ಲೇ ರೂಪಿಸಿದ. ತತ್ವ ಇಂದಿಗೂ ಅದೇ. ಗಾಲಿ ಮತ್ತು ಅಚ್ಚು ಎರಡು ಹಳಿಗಳ ನಡುವೆ ಸೇತುವೆಯಾಗಬೇಕು. ಆದರೆ ಗಾಲಿ ಹಳಿಯನ್ನು ಮುಟ್ಟುವ ಜಾಗ ಒಂದು ನಾಣ್ಯದಷ್ಟೂ ಇಲ್ಲ. ಅಲ್ಲಿ ತುಕ್ಕಿನ ಒಂದು ತೆಳು ಪೊರೆ, ಶರತ್ಕಾಲದಲ್ಲಿ ಬಿದ್ದು ಅರೆದುಹೋದ ಎಲೆಯ ಜಿಡ್ಡು, ರಸ್ತೆಗೆ ಚೆಲ್ಲಿದ ಉಪ್ಪಿನ ಕೆಸರು ಕುಳಿತರೆ ವಿದ್ಯುತ್ತು ದಾಟದು, ಗೇಟೂ ಬೀಳದು. ನಾನು ಹಳಿಗೆ ಕಚ್ಚಿಸುವ ಪರೀಕ್ಷಾ ತಂತಿಯ ರೋಧ ಉತ್ತರ ಅಮೆರಿಕದ ನಿಯಮದಂತೆ 0.06 ಓಮ್. ಹುಬ್ಬಳ್ಳಿಯಲ್ಲಿ ನಾನು ಕಲಿತ ಡಿಸಿ ಟ್ರ್ಯಾಕ್ ಸರ್ಕೀಟಿನ ಲೆಕ್ಕ 0.5 ಓಮ್. ಅಂದರೆ ಅಲ್ಲಿಯ ಸರ್ಕೀಟು ಸ್ಪರ್ಶ ಸ್ವಲ್ಪ ಕೊಳೆಯಾಗಿದ್ದರೂ ಗಾಡಿಯನ್ನು ಗುರುತಿಸಲೇಬೇಕು. ಇಲ್ಲಿಯ ನಿಯಮ ಅಷ್ಟನ್ನು ಬೇಡುವುದಿಲ್ಲ, ಗಾಲಿಯ ಸ್ಪರ್ಶ ಚೊಕ್ಕಟವಾಗಿರುತ್ತದೆ ಎಂದು ನಂಬುತ್ತದೆ.

ಆ ನಂಬಿಕೆ ಹುಟ್ಟಿದ್ದು ಸರಕು ಗಾಡಿಯಿಂದ. ಇಲ್ಲಿಯ ಒಂದು ತುಂಬಿದ ಸರಕು ಬೋಗಿ ಸುಮಾರು 130 ಟನ್, ನಾಲ್ಕು ಅಚ್ಚುಗಳ ಮೇಲೆ. ಅಂಥ ನೂರೈವತ್ತು ಬೋಗಿಗಳು ಹಾದುಹೋದರೆ ತುಕ್ಕು ಎಲ್ಲಿ ಉಳಿಯುತ್ತದೆ? ಪ್ರಯಾಣಿಕರ ಹೊಸ ಬೋಗಿಯಲ್ಲಿ ಅಚ್ಚಿನ ಮೇಲೆ ಬೀಳುವ ಭಾರ ಅದರ ಅರ್ಧದಷ್ಟೂ ಇಲ್ಲ. ಹಳೆಯ ಬೋಗಿಗಳಲ್ಲಿ ಬ್ರೇಕ್ ಹಾಕಿದಾಗಲೆಲ್ಲ ಕಬ್ಬಿಣದ ತುಂಡೊಂದು ಗಾಲಿಯ ಮೈಯನ್ನೇ ಉಜ್ಜುತ್ತಿತ್ತು, ಗಾಲಿ ಬೆಳ್ಳಿಯಂತೆ ಹೊಳೆಯುತ್ತಿತ್ತು. ಡಿಸ್ಕ್ ಬ್ರೇಕಿನಲ್ಲಿ ಆ ಉಜ್ಜುವಿಕೆ ಇಲ್ಲ. ಹಾಗಾಗಿ ಹಳಿಯ ಒಡೆಯರು ಎಣಿಕೆಗೆ ಬರುತ್ತಾರೆ: ಅಚ್ಚುಗಳು ಹೆಚ್ಚಿದ್ದಷ್ಟೂ, ಯಾವುದಾದರೂ ಒಂದು ಸರಿಯಾಗಿ ಮುಟ್ಟಿಯೇ ಮುಟ್ಟುತ್ತದೆ ಎಂಬ ಭರವಸೆ ಹೆಚ್ಚು. ಸಿಎನ್ ಕೇಳುವುದು 32 ಅಚ್ಚು. ವಯಾದ ಹೊಸ ಗಾಡಿಯಲ್ಲಿ ಒಂದು ಇಂಜಿನ್, ಐದು ಬೋಗಿ. ಲೆಕ್ಕ ಹಾಕಿ ನೋಡಿ, 24.

ಇದು ಹೊಸ ಕಾಯಿಲೆಯೇನಲ್ಲ ಎಂಬುದೇ ನನ್ನನ್ನು ಹೆಚ್ಚು ನೋಯಿಸುವುದು. ಗಡಿಯಾಚೆ ಇಲಿನಾಯ್ ರಾಜ್ಯದಲ್ಲಿ, ಶಿಕಾಗೊದಿಂದ ಕಾರ್ಬಂಡೇಲ್‌ಗೆ ಇದೇ ಸಿಎನ್ ಹಳಿಯ ಮೇಲೆ ಅಮೆರಿಕದ ಪ್ರಯಾಣಿಕರ ರೈಲು ಸಂಸ್ಥೆ ಆಮ್‌ಟ್ರ್ಯಾಕ್ ಓಡಿಸುವ ಗಾಡಿಗಳಿಗೆ ಇದೇ 32ರ ಷರತ್ತು ಎಷ್ಟೋ ವರ್ಷಗಳಿಂದ ಇದೆ. ಜನರಿಗೆ ಬೇಕಾದದ್ದಕ್ಕಿಂತ ಹೆಚ್ಚು ಬೋಗಿಗಳನ್ನು ಅಚ್ಚಿನ ಎಣಿಕೆಗೆಂದೇ ಅಲ್ಲಿ ಎಳೆದುಕೊಂಡು ಹೋಗಿದ್ದಾರೆ. ಕಣ್ಣೆದುರಿಗಿದ್ದ ಉದಾಹರಣೆ ಅದು.

ಹಾಗಾದರೆ ಖರೀದಿ ಹೇಗೆ ನಡೆಯುತ್ತದೆ? ಹಿಂದೊಮ್ಮೆ ಒಂದು ಗಾಡಿ ಖರೀದಿಯ ತಾಂತ್ರಿಕ ಸಮಿತಿಯಲ್ಲಿ ನಾನಿದ್ದೆ. ಟೆಂಡರ್ ದಾಖಲೆ ಇಟ್ಟಿಗೆಯಷ್ಟು ದಪ್ಪ. ಆಸನದ ಬಟ್ಟೆಗೆ ಬೆಂಕಿ ತಗುಲಿದರೆ ಎಷ್ಟು ಹೊತ್ತು ಉರಿಯಬಾರದು ಎಂಬುದಕ್ಕೆ ಪುಟಗಟ್ಟಲೆ ಬರಹ. ಶೌಚಾಲಯದ ಬಾಗಿಲ ಚಿಲಕಕ್ಕೆ ಚಿತ್ರ ಸಮೇತ ವಿವರಣೆ. ಗಾಡಿ ಹಳಿಯ ಸರ್ಕೀಟಿಗೆ ಕಾಣಿಸಬೇಕು ಎಂಬ ಬಗ್ಗೆ ಒಂದೇ ವಾಕ್ಯ: ‘ಈಗಿರುವ ಸಿಗ್ನಲ್ ವ್ಯವಸ್ಥೆಗೆ ಹೊಂದಿಕೆಯಾಗತಕ್ಕದ್ದು.’ ಹೊಂದಿಕೆಯಾಯಿತೆಂದು ಹೇಳಬೇಕಾದವರು ಯಾರು, ಯಾವ ಹಳಿಯ ಮೇಲೆ, ಯಾವ ಋತುವಿನಲ್ಲಿ ಎಂಬುದು ಇರಲಿಲ್ಲ. ನಾನು ಟಿಪ್ಪಣಿ ಬರೆದೆ. ‘ಅದು ಮುಂದಿನ ಹಂತದಲ್ಲಿ ನೋಡುವ ವಿಷಯ’ ಎಂಬ ಉತ್ತರ ಬಂತು. ಮುಂದಿನ ಹಂತ ಬರುವಷ್ಟರಲ್ಲಿ ಹಣ ಪಾವತಿಯಾಗಿ, ಬೋಗಿಯ ಚೌಕಟ್ಟು ಬೆಸುಗೆಯಾಗಿರುತ್ತದೆ.

ಬಲದ ವಿಷಯದಲ್ಲಿ ಮಾತ್ರ ಇಲ್ಲಿ ಯಾರೂ ರಾಜಿಯಾಗುವುದಿಲ್ಲ. ಸರಕು ಗಾಡಿಗಳ ನಡುವೆ ಓಡುವ ಬೋಗಿ ಎರಡೂ ತುದಿಯಿಂದ 8 ಲಕ್ಷ ಪೌಂಡ್, ಅಂದರೆ ಸುಮಾರು 363 ಟನ್ ಒತ್ತಡ ತಾಳಬೇಕು ಎಂಬುದು ಅಮೆರಿಕದ ನಿಯಮ. 2012ರಲ್ಲಿ ಕ್ಯಾಲಿಫೋರ್ನಿಯಾ ಮತ್ತು ಮಧ್ಯಪಶ್ಚಿಮದ ರಾಜ್ಯಗಳು 35.2 ಕೋಟಿ ಡಾಲರಿಗೆ 130 ಡಬಲ್ ಡೆಕ್ಕರ್ ಬೋಗಿಗಳನ್ನು ಕೊಳ್ಳಲು ಮುಂದಾದವು. ನಿಪ್ಪಾನ್ ಶಾರ್ಯೊ ಕಂಪನಿ ತಯಾರಿಸಬೇಕಿತ್ತು. 2015ರಲ್ಲಿ ಮಾದರಿ ಬೋಗಿ ಆ ಒತ್ತಡದ ಪರೀಕ್ಷೆಯಲ್ಲಿ ಸೋತಿತು. 2017ರಲ್ಲಿ ಕೆಲಸ ಸೀಮೆನ್ಸ್‌ಗೆ ಹೋಯಿತು, ಡಬಲ್ ಡೆಕ್ಕರ್ ಹೋಗಿ ಒಂದೇ ಅಂತಸ್ತಿನ ಬೋಗಿಗಳು ಬಂದವು. ವರ್ಷಗಳು ವ್ಯರ್ಥವಾದವು ನಿಜ. ಆದರೆ ಆ ಪರೀಕ್ಷೆ ಇದ್ದದ್ದರಿಂದ ದೋಷ ಕಾರ್ಖಾನೆಯ ಹಂತದಲ್ಲೇ ಸಿಕ್ಕಿತು. ಗಾಲಿಯ ಸ್ಪರ್ಶಕ್ಕೂ ಅಂಥದೇ ಕಟ್ಟುನಿಟ್ಟಿನ ಪರೀಕ್ಷೆ ಬೇಕು ಎಂಬುದು ನನ್ನ ವಾದ.

ಇನ್ನು ಸಮಯಪಾಲನೆ. ಅಮೆರಿಕದಲ್ಲಿ ಪ್ರಯಾಣಿಕರ ಗಾಡಿಗೆ ಆದ್ಯತೆ ಎಂಬ ಕಾನೂನು 1973ರಿಂದ ಇದೆ, ಆದರೆ ಅದನ್ನು ಮುರಿದವರ ಮೇಲೆ ಸರ್ಕಾರ ಮೊಕದ್ದಮೆ ಹೂಡಿದ್ದು 1979ರಲ್ಲಿ ಒಮ್ಮೆ, ಮತ್ತೆ 2024ರಲ್ಲಿ. ಯಾವ ಗಾಡಿ ಮೊದಲು ಹೋಗಬೇಕೆಂದು ತೀರ್ಮಾನಿಸುವ ಸೆಕ್ಷನ್ ಕಂಟ್ರೋಲರ್ ಹಳಿಯ ಒಡೆಯನ ಸಂಬಳದವನು. ಸರಕು ಗಾಡಿ ಲೂಪ್ ಲೈನಿಗಿಂತ ಉದ್ದವಾದಾಗ ಅವನು ಮನಸ್ಸು ಮಾಡಿದರೂ ಅದನ್ನು ಬದಿಗೆ ಸರಿಸಲಾಗದು. ಗಿಡ್ಡ ಗಾಡಿಯೇ ಕಾಯಬೇಕು, ಅದರಲ್ಲಿ ಮುನ್ನೂರು ಜನರಿದ್ದರೂ. ಎಷ್ಟು ವೇಗದ ಇಂಜಿನ್ ಕೊಂಡರೂ ಆ ಕಾಯುವಿಕೆ ತಪ್ಪುವುದಿಲ್ಲ.

ಭಾರತದಲ್ಲಿ ಟ್ರ್ಯಾಕ್ ಸರ್ಕೀಟಿನ ಜೊತೆಗೆ ಆಕ್ಸಲ್ ಕೌಂಟರ್‌ಗಳನ್ನು ವ್ಯಾಪಕವಾಗಿ ಬಳಸುತ್ತಾರೆ. ಗಾಲಿಗಳನ್ನು ಒಳಹೋಗುವಾಗ ಎಣಿಸಿ, ಹೊರಬರುವಾಗ ಎಣಿಸಿ ತಾಳೆ ನೋಡುವ ಯಂತ್ರ ಅದು. ತುಕ್ಕಿದ್ದರೂ ಅದಕ್ಕೆ ಲೆಕ್ಕವಿಲ್ಲ. ಇಲ್ಲಿಯೂ ಅದನ್ನು ಹಾಕಬಹುದು. ಆದರೆ ಹಳಿ ಸಿಎನ್‌ನದು, ಬೇಕಾಗಿರುವುದು ವಯಾಕ್ಕೆ. ಹಣ ಯಾರದು, ಮುಂದೆ ಕೆಟ್ಟರೆ ಹೊಣೆ ಯಾರದು ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಇದನ್ನು ಕೇಳಿ ಇತ್ಯರ್ಥ ಮಾಡಬೇಕಾದದ್ದು ಗಾಡಿಗೆ ಬೆಲೆ ಕಟ್ಟುವ ಮುನ್ನ.

2024ರ ಬಜೆಟ್‌ನಲ್ಲಿ ಕೆನಡಾ ಸರ್ಕಾರ ದೂರಪ್ರಯಾಣದ ಗಾಡಿಗಳನ್ನು ಬದಲಿಸಲು ಒಪ್ಪಿದೆ. ಟೊರೊಂಟೊದಿಂದ ವ್ಯಾಂಕೂವರ್‌ಗೆ 4,466 ಕಿಲೋಮೀಟರ್ ಓಡುವ ‘ಕೆನೇಡಿಯನ್’ ಗಾಡಿಯ ಸ್ಟೀಲ್ ಬೋಗಿಗಳು 1950ರ ದಶಕದವು, ಬದಲಾಗಲೇಬೇಕು. ಆದರೆ ಹೊಸವು ಓಡುವುದೂ ಬಹುತೇಕ ಸರಕು ಕಂಪನಿಗಳ ಹಳಿಯ ಮೇಲೆಯೇ. ಆ ಟೆಂಡರಿನಲ್ಲಿ ಒಂದು ಷರತ್ತು ಇರಲೇಬೇಕೆಂದು ನಾನು ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ. ಮೊದಲ ಗಾಡಿ ನವೆಂಬರ್ ತಿಂಗಳಲ್ಲಿ, ಕೆಲವು ದಿನ ಏನೂ ಓಡದೆ ತುಕ್ಕು ಕಟ್ಟಿದ ಹಳಿಯ ಮೇಲೆ ಓಡಬೇಕು. ಹಳಿಯ ಒಡೆಯನ ಇಂಜಿನಿಯರ್ ಪೆಟ್ಟಿಗೆ ತೆರೆದು ರಿಲೇಯ ಮುಂದೆ ಕುಳಿತಿರಬೇಕು. ಅವನ ಸಹಿ ಬಿದ್ದ ಮೇಲೆ ಎರಡನೆಯ ಗಾಡಿಯ ಕೆಲಸ ಶುರುವಾಗಬೇಕು.