ಲೆಕ್ಕ ಸರಿಯಿದ್ದರೂ ಯಂತ್ರ ಆರಿಹೋಗುವುದೇಕೆ?

ಕಾಲೇಜೊಂದರ ಸಂಶೋಧನಾ ಲ್ಯಾಬಿನಿಂದ ಕರೆ ಬಂದಿತ್ತು. ಮೂರು ಆರ್‌ಟಿಎಕ್ಸ್ 3090 ಗ್ರಾಫಿಕ್ಸ್ ಕಾರ್ಡು, ಯಂತ್ರಕ್ಕೆಲ್ಲ ವಿದ್ಯುತ್ ಒದಗಿಸಲು 1600 ವ್ಯಾಟ್‌ನ ಎಸ್‌ಎಂಪಿಎಸ್. ಎಐ ಮಾಡೆಲ್‌ನ ಟ್ರೇನಿಂಗ್ ಹಚ್ಚಿ ಒಂದೆರಡು ಗಂಟೆಯಾದರೆ ಸಾಕು, ಯಂತ್ರ ಫಕ್ಕನೆ ಆರಿಹೋಗುತ್ತದೆ. ಲಾಗ್‌ನಲ್ಲಿ ದೋಷದ ಒಂದು ಸಾಲೂ ಇಲ್ಲ. ಒಂದೊಂದೇ ಕಾರ್ಡನ್ನು ಪರೀಕ್ಷಿಸಿದರೆ ಮೂರೂ ಪಾಸ್. ಮೂರಕ್ಕೂ ಅನಿಮೇಷನ್ನಿನ ಬೇರೆ ಬೇರೆ ಫ್ರೇಮ್ ಕೊಟ್ಟು ಚಿತ್ರ ಸಿದ್ಧಪಡಿಸುವ ರೆಂಡರ್ ಹಚ್ಚಿದರೆ ಬೆಳಗಿನವರೆಗೂ ಓಡುತ್ತದೆ. ಟ್ರೇನಿಂಗ್‌ನಲ್ಲಿ ಮಾತ್ರ ಹೀಗೆ.

ವಿದ್ಯಾರ್ಥಿಗಳು ಬೋರ್ಡಿನ ಮೇಲೆ ಲೆಕ್ಕ ಬರೆದಿಟ್ಟಿದ್ದರು. ಕಾರ್ಡಿಗೆ 350ರಂತೆ 1050, ಪ್ರೊಸೆಸರ್‌ಗೆ 280, ಉಳಿದದ್ದಕ್ಕೆ 100. ಒಟ್ಟು 1430 ವ್ಯಾಟ್. ಇನ್ನೂ 170 ಮಿಗುತ್ತದಲ್ಲ ಸರ್ ಎಂದರು. ಕೂಡಿದ್ದರಲ್ಲಿ ತಪ್ಪಿರಲಿಲ್ಲ. 350 ಎಂಬುದನ್ನು ಗರಿಷ್ಠ ಎಂದುಕೊಂಡದ್ದೇ ತಪ್ಪು. ಅದು ಸರಾಸರಿ. ಕಾರ್ಡಿನೊಳಗಿನ ನಿಯಂತ್ರಕ ಈ ಸರಾಸರಿ ಮೀರದಂತೆ ನೋಡಿಕೊಳ್ಳುತ್ತದೆಯೇ ಹೊರತು ಪ್ರತಿ ಕ್ಷಣವನ್ನೂ ಕಾಯುವುದಿಲ್ಲ. ಒಂದೆರಡು ಮಿಲಿಸೆಕೆಂಡಿನ ಮಟ್ಟಿಗೆ 3090 ಕಾರ್ಡು 500 ವ್ಯಾಟ್ ದಾಟಿಬಿಡುತ್ತದೆ. ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುವ ವ್ಯಾಟ್‌ಮೀಟರ್‌ಗೆ ಇದು ಕಾಣಿಸುವುದೇ ಇಲ್ಲ. ಎಸ್‌ಎಂಪಿಎಸ್‌ನ ರಕ್ಷಣಾ ಸರ್ಕ್ಯೂಟ್‌ಗೆ ಕಾಣಿಸುತ್ತದೆ, ಅದು ತನ್ನ ಕೆಲಸ ಮಾಡಿ ಎಲ್ಲವನ್ನೂ ಆರಿಸುತ್ತದೆ. ಹಾಗಾಗಿಯೇ ಲಾಗ್‌ನಲ್ಲಿ ಏನೂ ಸಿಗದು, ಬರೆಯುವ ಹೊತ್ತಿಗೆ ವಿದ್ಯುತ್ತೇ ಇರುವುದಿಲ್ಲ.

ರೆಂಡರ್‌ನಲ್ಲಿ ಆಗದ್ದು ಟ್ರೇನಿಂಗ್‌ನಲ್ಲಿ ಯಾಕೆ ಆಗುತ್ತದೆ? ರೆಂಡರ್ ಮಾಡುವಾಗ ಪ್ರತಿ ಕಾರ್ಡೂ ತನ್ನ ಪಾಡಿಗೆ ತಾನು ದುಡಿಯುತ್ತದೆ. ಒಂದು ಏರುವಾಗ ಇನ್ನೊಂದು ಇಳಿದಿರುತ್ತದೆ. ಟ್ರೇನಿಂಗ್‌ನಲ್ಲಿ ಪ್ರತಿ ಹೆಜ್ಜೆಯ ಕೊನೆಗೆ ಮೂರೂ ಕಾರ್ಡು ನಿಂತು ತಮ್ಮ ಫಲಿತಾಂಶ ಹಂಚಿಕೊಳ್ಳುತ್ತವೆ, ಆಮೇಲೆ ಒಟ್ಟಿಗೇ ಮುಂದಿನ ಹೆಜ್ಜೆಗೆ ಜಿಗಿಯುತ್ತವೆ. ಒಂದೇ ಒರಳಿಗೆ ಮೂರು ಒನಕೆ ಸರದಿಯಲ್ಲಿ ಬಿದ್ದರೆ ಭತ್ತ ಸಲೀಸಾಗಿ ಕುಟ್ಟಿಬರುತ್ತದೆ. ಮೂರೂ ಒಂದೇ ಏಟಿಗೆ ಬಿದ್ದರೆ? ತಲಾ 500ರಂತೆ 1500, ಅದರ ಮೇಲೆ ಪ್ರೊಸೆಸರ್ ಮತ್ತಿತರೆ 380. 1600ರ ಎಸ್‌ಎಂಪಿಎಸ್ ಎಷ್ಟೆಂದು ತಡೆದೀತು?

ಎಸ್‌ಎಂಪಿಎಸ್‌ಗಳಿಗಾಗಿ 2022ರಲ್ಲಿ ಬಂದ ಎಟಿಎಕ್ಸ್ 3.0 ಮಾನದಂಡ ಇದನ್ನು ಗಮನದಲ್ಲಿಟ್ಟುಕೊಂಡೇ ರೂಪುಗೊಂಡದ್ದು. ಹೊಸ 16 ಪಿನ್ನಿನ ಕನೆಕ್ಟರ್ ಇರುವ ಎಸ್‌ಎಂಪಿಎಸ್ ತನ್ನ ಸಾಮರ್ಥ್ಯದ ಎರಡು ಪಟ್ಟು ಹೊರೆಯನ್ನು 100 ಮೈಕ್ರೋಸೆಕೆಂಡ್ ತಾಳಬೇಕು ಎನ್ನುತ್ತದೆ ಅದು. ಹೊಸದಾಗಿ ಕೊಳ್ಳುವವರು ಇಂಥದ್ದನ್ನೇ ಕೊಳ್ಳಲಿ. ಆದರೆ ಆ ಲ್ಯಾಬಿಗೆ ನಾನು ಏನನ್ನೂ ಕೊಳ್ಳಲು ಹೇಳಲಿಲ್ಲ. ಕಾರ್ಡಿನ ಕಂಪನಿ ಎನ್ವಿಡಿಯಾದ ಎಸ್‌ಎಂಐ ಎಂಬ ತಂತ್ರಾಂಶ ಸಾಧನದಲ್ಲಿ ಪ್ರತಿ ಕಾರ್ಡಿನ ಪವರ್ ಲಿಮಿಟ್ 280 ವ್ಯಾಟ್‌ಗೆ ಇಳಿಸಿದೆ. ಇಷ್ಟಕ್ಕೇ ಬಿಟ್ಟರೆ ಸಾಲದು, ಲಿಮಿಟ್ ಕೂಡ ಸರಾಸರಿಯನ್ನಷ್ಟೇ ಹಿಡಿಯುತ್ತದೆ. ಪೆಟ್ಟಿಗೆಯ ಮೇಲೆ ಕ್ಲಾಕ್, ಅಂದರೆ ಚಿಪ್ಪಿನ ವೇಗ, 1695 ಮೆಗಾಹರ್ಟ್ಸ್ ಎಂದಿದ್ದರೂ ಕಾರ್ಡು ಅವಕಾಶ ಸಿಕ್ಕಾಗಲೆಲ್ಲ ತಾನಾಗಿ 1900 ದಾಟುತ್ತದೆ, ಅಲ್ಲಿಯೇ ಈ ಜಿಗಿತಗಳು ಹುಟ್ಟುವುದು. ಅದೇ ಸಾಧನದಲ್ಲಿ ಕ್ಲಾಕ್‌ನ ಮೇಲ್ಮಿತಿಯನ್ನೂ 1695ಕ್ಕೆ ಕಟ್ಟಿದೆ. ರೀಬೂಟ್ ಆದರೆ ಎರಡೂ ಅಳಿಸಿಹೋಗುತ್ತವೆ, ಆದ್ದರಿಂದ ಲಿನಕ್ಸ್ ಏಳುವಾಗಲೇ ಇವನ್ನು ಹೇರುವ ಪುಟ್ಟ ಸೇವೆಯೊಂದನ್ನು ಬರೆದಿಟ್ಟೆ. ಆಮೇಲೆ ಆ ಯಂತ್ರ ಆರಿಲ್ಲ.

ವೇಗ ಎಷ್ಟು ಹೋಯಿತು ಎಂದು ಎಲ್ಲರೂ ಆತಂಕದಿಂದ ಕೇಳುತ್ತಾರೆ. ಐದು ಪ್ರತಿಶತದ ಆಸುಪಾಸು. ಚಿಪ್ಪು ನುಂಗುವ ವಿದ್ಯುತ್ತು ಕ್ಲಾಕ್‌ನ ಜೊತೆಗೆ ಏರುವುದಲ್ಲದೆ ವೋಲ್ಟೇಜಿನ ವರ್ಗದಷ್ಟು ಏರುತ್ತದೆ. ಕೊನೆಯ ಕೆಲವು ಮೆಗಾಹರ್ಟ್ಸ್‌ಗಾಗಿ ವೋಲ್ಟೇಜನ್ನೂ ಏರಿಸಬೇಕಾಗುವುದರಿಂದ ಆ ಚೂರು ವೇಗಕ್ಕೆ ವಿಪರೀತ ಬೆಲೆ ತೆರುತ್ತೇವೆ. 70 ವ್ಯಾಟ್ ಬಿಟ್ಟುಕೊಟ್ಟು ಐದು ಪ್ರತಿಶತ ಕಳೆದುಕೊಳ್ಳುವುದು ನನ್ನ ಮಟ್ಟಿಗೆ ನಷ್ಟವೇ ಅಲ್ಲ. ಹೆಚ್ಚು ಕಾರ್ಡುಗಳ ಯಾವ ಯಂತ್ರಕ್ಕೇ ಆಗಲಿ, ಫ್ಯಾನು ಎಸ್‌ಎಂಪಿಎಸ್ಸುಗಳಿಗೆ ಕೈಹಾಕುವ ಮುನ್ನ ನಾನು ಮಾಡುವ ಮೊದಲ ಕೆಲಸ ಇದೇ. ಉಳಿಸಿದ ಪ್ರತಿ ವ್ಯಾಟೂ ಎರಡು ಕಡೆ ಉಳಿಯುತ್ತದೆ: ತಂತಿಯಲ್ಲಿ ಒಮ್ಮೆ, ಕ್ಯಾಬಿನೆಟ್ಟಿನ ಗಾಳಿಯಲ್ಲಿ ಇನ್ನೊಮ್ಮೆ.

ಅಲ್ಲಿ ನನಗೆ ನಿಜಕ್ಕೂ ಭಯ ಹುಟ್ಟಿಸಿದ್ದು ಬೇರೆ. ಯಂತ್ರವನ್ನು 6 ಆಂಪಿಯರ್ ಸಾಕೆಟ್ಟಿನಿಂದ ಎಳೆದ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿದ್ದರು. ಪ್ಲಗ್ಗು ಮುಟ್ಟಿದರೆ ಕೈ ಚುರುಕ್ಕೆನ್ನುವಷ್ಟು ಬಿಸಿ. ಮಿತಿ ಹಾಕಿದ ಮೇಲೂ ಯಂತ್ರ 1220 ವ್ಯಾಟ್ ಬೇಡುತ್ತದೆ. ಎಸ್‌ಎಂಪಿಎಸ್‌ನ ದಕ್ಷತೆ 90 ಪ್ರತಿಶತ ಎಂದರೆ ಗೋಡೆಯಿಂದ 1350ಕ್ಕೂ ಹೆಚ್ಚು, 230 ವೋಲ್ಟ್‌ನಲ್ಲಿ ಸುಮಾರು 5.9 ಆಂಪಿಯರ್. ಸಂಜೆ ವೋಲ್ಟೇಜು 200ಕ್ಕೆ ಕುಸಿದರೆ ಬಲ್ಬು ಮಂಕಾಗುತ್ತದೆ, ಎಸ್‌ಎಂಪಿಎಸ್ ಹಾಗಲ್ಲ. ತನಗೆ ಬೇಕಾದ ವ್ಯಾಟ್ ಪಡೆಯಲು ಇನ್ನಷ್ಟು ಕರೆಂಟ್ ಎಳೆಯುತ್ತದೆ, 6.8 ಆಂಪಿಯರ್. ಅದೂ ದಿನಗಟ್ಟಲೆ ಬಿಡುವಿಲ್ಲದೆ. ಗೀಸರ್‌ಗೆ ಕೊಡುವಂತೆ ಇದಕ್ಕೂ ಪ್ರತ್ಯೇಕ ತಂತಿ, 16 ಆಂಪಿಯರ್ ಸಾಕೆಟ್ಟು, ಸರಿಯಾದ ಅರ್ಥಿಂಗ್ ಬೇಕು. ಇದರಲ್ಲಿ ರಾಜಿ ಬೇಡ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಒಳಗಿನ ಕೇಬಲ್ಲುಗಳಿಗೂ ಇದೇ ಮಾತು. 8 ಪಿನ್ನಿನ ಒಂದು ಕನೆಕ್ಟರ್‌ಗೆ 150 ವ್ಯಾಟ್, ಮದರ್‌ಬೋರ್ಡಿನ ಸ್ಲಾಟಿಗೆ 75 ವ್ಯಾಟ್ ಮಿತಿ. ಒಂದೇ ಕೇಬಲ್ಲಿನ ತುದಿಯಲ್ಲಿ ಎರಡು ತಲೆ ಇವೆಯೆಂದು ಎರಡನ್ನೂ ಒಂದೇ ಕಾರ್ಡಿಗೆ ಚುಚ್ಚಬೇಡಿ, ಬೇರೆ ಬೇರೆ ಕೇಬಲ್ ಎಳೆಯಿರಿ. ಕಾರ್ಡನ್ನು ಸ್ಲಾಟಿನಿಂದ ದೂರ ಕೂರಿಸುವ ರೈಸರ್ ಬಳಸುವವರು ಅದಕ್ಕೆ ಹಾರ್ಡ್‌ಡಿಸ್ಕಿನ ಸಾಟಾ ಕನೆಕ್ಟರ್‌ನಿಂದ ವಿದ್ಯುತ್ ಕೊಡಲೇಬಾರದು. ಅದರ 12 ವೋಲ್ಟ್ ಪಿನ್ನುಗಳು ತಾಳುವುದು 54 ವ್ಯಾಟ್, ಸ್ಲಾಟಿನ 75ರಲ್ಲಿ 12 ವೋಲ್ಟ್‌ನ ಪಾಲೇ 66. ಹೊಸ 16 ಪಿನ್ನಿನ ಕನೆಕ್ಟರ್‌ನಲ್ಲಿ 600 ವ್ಯಾಟ್ ಹರಿದರೆ ಆರೇ ಆರು ಪಿನ್ನುಗಳು 50 ಆಂಪಿಯರ್ ಹೊರಬೇಕು. ಕೊನೆವರೆಗೂ ಒತ್ತಿ ಕೂರಿಸಿ, ಬುಡದಲ್ಲೇ ಬಗ್ಗಿಸದೆ ಸ್ವಲ್ಪ ದೂರ ನೇರ ಬಿಡಿ.

ಇನ್ನು ಗಾಳಿ. 1200 ವ್ಯಾಟ್ ಹೊರಹಾಕುವಾಗ ಗಾಳಿ 10 ಡಿಗ್ರಿಗಿಂತ ಹೆಚ್ಚು ಕಾಯಬಾರದೆಂದರೆ ನಿಮಿಷಕ್ಕೆ ಸುಮಾರು 210 ಘನ ಅಡಿ ಗಾಳಿ ಕ್ಯಾಬಿನೆಟ್ಟಿನೊಳಗೆ ಹಾಯಬೇಕು. ಇದು ಸಮುದ್ರಮಟ್ಟದ ಲೆಕ್ಕ, ಮಂಗಳೂರಿಗೆ ಸರಿ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿ ಒಂಬತ್ತು ಪ್ರತಿಶತದಷ್ಟು ತೆಳು, ಹಾಗಾಗಿ 230 ಬೇಕು. ತಂಪು ಊರು ಎಂಬ ಲಾಭದಲ್ಲಿ ಅಷ್ಟನ್ನು ಎತ್ತರ ಕಿತ್ತುಕೊಳ್ಳುತ್ತದೆ. ಕಲಬುರಗಿಯ ಮೇ ತಿಂಗಳಲ್ಲಿ ಕೋಣೆಯೇ 38 ಡಿಗ್ರಿ ಇದ್ದರೆ ಕಾರ್ಡಿನ ಉಷ್ಣತೆ ಅಲ್ಲಿಂದ ಮೇಲಕ್ಕೆ ಎಣಿಕೆ ಶುರುಮಾಡುತ್ತದೆ. ಕ್ಯಾಬಿನೆಟ್ಟಿಗೆ ಗಾಳಿ ಸಾಲುತ್ತಿದೆಯೇ ಎಂದು ನೋಡಲು ಪಕ್ಕದ ಬಾಗಿಲು ತೆಗೆದು ಹತ್ತು ನಿಮಿಷ ಓಡಿಸಿ. ಕಾರ್ಡಿನ ಉಷ್ಣತೆ ಐದು ಡಿಗ್ರಿಗಿಂತ ಹೆಚ್ಚು ಇಳಿದರೆ ಕ್ಯಾಬಿನೆಟ್ಟಿನ ಮುಂಭಾಗದ ಫ್ಯಾನುಗಳು ಸಾಲುತ್ತಿಲ್ಲ ಎಂದೇ ಅರ್ಥ. ಬಾಗಿಲು ತೆಗೆದೇ ಇಡುವುದು ಪರಿಹಾರವಲ್ಲ, ಧೂಳು ಬಿಡುವುದಿಲ್ಲ.

ಮೂರು ಫ್ಯಾನಿನ ದಪ್ಪ ಕಾರ್ಡುಗಳು ಆಟಕ್ಕೆಂದು, ಒಂಟಿಯಾಗಿ ಕೂರಲೆಂದು ಮಾಡಿದವು. ಅವು ಬಿಸಿಯನ್ನು ಕ್ಯಾಬಿನೆಟ್ಟಿನೊಳಗೇ ಸುರಿಯುತ್ತವೆ. ಒತ್ತೊತ್ತಾಗಿ ಜೋಡಿಸಿದರೆ ಕೆಳಗಿನದರ ಬಿಸಿಯುಸಿರನ್ನೇ ಮೇಲಿನದು ಎಳೆದುಕೊಳ್ಳುತ್ತದೆ. ಬ್ಲೋವರ್ ಮಾದರಿ ಗದ್ದಲ ಮಾಡುತ್ತದೆ, ಆದರೆ ಬಿಸಿಯನ್ನು ಹಿಂದಿನ ತೂತಿನಿಂದ ಹೊರಗೆ ದಬ್ಬುತ್ತದೆ. ಎರಡಕ್ಕಿಂತ ಹೆಚ್ಚು ಕಾರ್ಡಿದ್ದರೆ ನಾನು ಗದ್ದಲವನ್ನೇ ಆರಿಸಿಕೊಳ್ಳುತ್ತೇನೆ. ಈಗಾಗಲೇ ದಪ್ಪ ಕಾರ್ಡು ಕೊಂಡವರು ನಡುವೆ ಒಂದು ಸ್ಲಾಟಾದರೂ ಖಾಲಿ ಬಿಡಿ, ಮೇಲಿನ ಕಾರ್ಡಿನ ಮಿತಿಯನ್ನು ಇನ್ನೂ 20 ವ್ಯಾಟ್ ತಗ್ಗಿಸಿ.

ಕೋರ್‌ನ, ಅಂದರೆ ಕಾರ್ಡಿನ ಮುಖ್ಯ ಚಿಪ್ಪಿನ, ಉಷ್ಣತೆಯ ಅಂಕಿ ನೋಡಿ ನಿಶ್ಚಿಂತರಾಗಬೇಡಿ. 3090ರ 24 ಮೆಮೊರಿ ಚಿಪ್ಪುಗಳಲ್ಲಿ 12 ಹಿಂಬದಿಯಲ್ಲಿವೆ, ಅಲ್ಲಿ ಫ್ಯಾನಿಲ್ಲ, ಬರೀ ತಗಡು. ಕೋರ್ 68 ಎಂದು ತೋರಿಸುತ್ತಿದ್ದಾಗ ಮೆಮೊರಿ 106 ಮುಟ್ಟಿದ್ದನ್ನು ಕಂಡಿದ್ದೇನೆ. 110ಕ್ಕೆ ಕಾರ್ಡು ತಾನೇ ವೇಗ ಇಳಿಸುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಮ್ ಎಂಬ ಡಿಜಿಟಲ್ ನಾಣ್ಯಕ್ಕಾಗಿ ಕಾರ್ಡುಗಳನ್ನು ಹಗಲಿರುಳು ದುಡಿಸುವ ಮೈನಿಂಗ್ ನಿಂತ ಮೇಲೆ ಹಳೆಯ ಕಾರ್ಡುಗಳು ಮಾರುಕಟ್ಟೆಗೆ ರಾಶಿ ಬಿದ್ದವು. ಅಂಥದ್ದನ್ನು ಕೊಂಡವರು ಒಣಗಿ ಪುಡಿಯಾದ ಥರ್ಮಲ್ ಪ್ಯಾಡ್ (ಚಿಪ್ಪಿನ ಬಿಸಿಯನ್ನು ತಗಡಿಗೆ ದಾಟಿಸುವ ಮೆತ್ತೆ) ಬದಲಿಸಿಯೇ ಬಳಸಿ.

ಕೊನೆಗೆ ಕೋಣೆ. ಅನಿಮೇಷನ್ ಸ್ಟುಡಿಯೊ ಒಂದರಲ್ಲಿ ರಾತ್ರಿಯ ರೆಂಡರ್ ಮಾತ್ರ ನಿಧಾನವಾಗುತ್ತಿತ್ತು. ಎರಡು ವಾರದ ಉಷ್ಣತೆಯ ದಾಖಲೆಯನ್ನು ಗಡಿಯಾರದ ಎದುರು ಹರವಿ ನೋಡಿದೆ. ದಿನವೂ ಒಂಬತ್ತರ ನಂತರ ಏರಿಕೆ. ಒಂದು ಟನ್ ಎಸಿ ಹೊರಹಾಕುವುದು ಮೂರೂವರೆ ಕಿಲೋವ್ಯಾಟ್, ಅಲ್ಲಿನ ಎರಡು ಯಂತ್ರಗಳೇ ಎರಡೂವರೆ ಕಿಲೋವ್ಯಾಟ್ ಸುರಿಯುತ್ತಿದ್ದವು. ಒಂಬತ್ತಕ್ಕೆ ಕಾವಲಿನವರು ನಿಯಮದಂತೆ ಎಸಿ ಆರಿಸಿ ಬೀಗ ಹಾಕುತ್ತಿದ್ದರು. ಅವರೊಡನೆ ಕೂತು ವಿಷಯ ಹೇಳಿ, ಸ್ವಿಚ್ಚಿನ ಪಕ್ಕ ದೊಡ್ಡ ಅಕ್ಷರದ ಚೀಟಿ ಅಂಟಿಸಿ ಬಂದೆ: ಒಳಗೆ ಕೆಲಸ ನಡೆಯುತ್ತಿದೆ, ಆರಿಸಬೇಡಿ.