ಹಲ್ಲು ಕಿತ್ತರೂ ಹೋಗದ ನೋವು

ಬ್ರಷ್ ಬಾಯಿಗಿಟ್ಟ ಕೂಡಲೇ ಒಂದು ಬದಿಯ ಕೆನ್ನೆಗೆ ಕರೆಂಟ್ ಹೊಡೆದ ಹಾಗಾಗುತ್ತದೆ. ಕೆಲವೇ ಸೆಕೆಂಡು, ಹೆಚ್ಚೆಂದರೆ ಎರಡು ನಿಮಿಷ. ಆಮೇಲೆ ಏನೂ ಆಗೇ ಇಲ್ಲವೇನೋ ಅನ್ನುವಂತೆ ನಿಂತುಬಿಡುತ್ತದೆ. ದವಡೆ ನೋವು ಅಂದಮೇಲೆ ಮೊದಲು ಓಡುವುದು ಹಲ್ಲಿನ ಡಾಕ್ಟರ ಹತ್ತಿರ, ಅಲ್ವಾ? ರೂಟ್ ಕೆನಾಲ್ ಮಾಡಿಸಿ, ಹಲ್ಲು ಕೀಳಿಸಿ, ಆಮೇಲೂ ನರಳುವವರಿದ್ದಾರೆ. ಏಕೆಂದರೆ ತೊಂದರೆ ಇರುವುದು ಹಲ್ಲಿನಲ್ಲಲ್ಲ, ನರದಲ್ಲಿ. ಟ್ರೈಜೆಮಿನಲ್ ನ್ಯೂರಾಲ್ಜಿಯಾ ಅಂತ ಇದರ ಹೆಸರು. 50 ದಾಟಿದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಜಾಸ್ತಿ.

ಟ್ರೈಜೆಮಿನಲ್ ನರ ಹಣೆಗೆ, ಕೆನ್ನೆಗೆ, ದವಡೆಗೆ ಅಂತ ಮೂರು ಕವಲಾಗಿ ಹರಡಿದೆ. ಅದು ಮಿದುಳಿನ ಕಾಂಡ ಸೇರುವ ಜಾಗದಲ್ಲಿ ಬಹಳ ಸಲ ರಕ್ತನಾಳವೊಂದು ಒತ್ತಿಕೊಂಡಿರುತ್ತದೆ. ನಾಡಿ ಬಡಿದಂತೆಲ್ಲ ನರದ ಹೊದಿಕೆ ಸವೆಯುತ್ತದೆ. ಆಗ ಪ್ಲಾಸ್ಟಿಕ್ ಸುಲಿದ ವೈರುಗಳು ತಾಗಿದ ಹಾಗೆ, ಬರೀ ಸ್ಪರ್ಶದ ಸಂಕೇತ ಪಕ್ಕದ ನೋವಿನ ಎಳೆಗೆ ಹಾರುತ್ತದೆ. ಕೆಲವರಿಗೆ ಗೆಡ್ಡೆಯಿಂದಲೋ, ನರದ ಹೊದಿಕೆಯನ್ನೇ ಹಾಳುಮಾಡುವ ಕಾಯಿಲೆಯಾದ ಮಲ್ಟಿಪಲ್ ಸ್ಕ್ಲೆರೋಸಿಸ್‌ನಿಂದಲೋ ಬರುವುದೂ ಉಂಟು. ಅದಕ್ಕೇ ಎಂಆರ್‌ಐ ಮಾಡಿಸುವುದು.

ಈ ರೋಗಿಗಳನ್ನು ಗಮನಿಸಿ ನೋಡಬೇಕು. ಹಲ್ಲುನೋವಿನವರು ಕೆನ್ನೆ ಒತ್ತಿ ಹಿಡಿದು ಕೂತಿರುತ್ತಾರೆ. ಇವರು ನೋವಿನ ಜಾಗ ತೋರಿಸುವಾಗಲೂ ಬೆರಳನ್ನು ಚರ್ಮಕ್ಕೆ ತಾಗಿಸುವುದಿಲ್ಲ. ಗಂಡಸರಾದರೆ ಒಂದು ಬದಿಯ ಗಡ್ಡ ಹಾಗೇ ಉಳಿದಿರಬಹುದು. ಫ್ಯಾನಿನ ಗಾಳಿ, ಒಂದು ತುತ್ತು ಅನ್ನ, ಎರಡು ಮಾತು, ಇಷ್ಟೇ ಸಾಕು ನೋವು ಕೆರಳಲು. ಹೀಗಾಗಿ ಊಟ ಕಮ್ಮಿಯಾಗಿ ಇಳಿದುಹೋಗುತ್ತಾರೆ, ಮಾತು ಬಿಡುತ್ತಾರೆ. ನೋವಿಲ್ಲದ ಗಳಿಗೆಯಲ್ಲೂ ಮುಂದಿನದು ಯಾವಾಗಲೋ ಅನ್ನುವ ದಿಗಿಲು. ಹೊರಗೆ ಗಾಯವಿಲ್ಲ, ಊತವಿಲ್ಲ. ಮನೆಯವರಿಗೆ ನಾಟಕ ಅನ್ನಿಸಿದರೆ ಅದು ಇನ್ನೊಂದು ನೋವು.

ಮಾಮೂಲಿ ನೋವಿನ ಮಾತ್ರೆ ಇದಕ್ಕೆ ನಾಟುವುದಿಲ್ಲ. ಕೆಲಸ ಮಾಡುವುದು ಮೂರ್ಛೆರೋಗದ ಔಷಧಿ ಕಾರ್ಬಮಜೆಪಿನ್. 1960ರ ದಶಕದಿಂದ ಬಳಕೆಯಲ್ಲಿದೆ. ಆದರೆ ತಲೆಸುತ್ತು, ಮಂಪರು ಬರಬಹುದು, ರಕ್ತದಲ್ಲಿ ಸೋಡಿಯಂ ಇಳಿಯಬಹುದು. ಮೈಮೇಲೆ ದದ್ದು ಕಂಡರಂತೂ ತಡಮಾಡದೆ ಡಾಕ್ಟರಿಗೆ ಹೇಳಬೇಕು.

ಔಷಧಿ ಸಾಲದಿದ್ದರೆ ಶಸ್ತ್ರಚಿಕಿತ್ಸೆ. ಅಮೆರಿಕದ ನರಶಸ್ತ್ರಚಿಕಿತ್ಸಕ ಪೀಟರ್ ಜನೆಟ್ಟಾ 1960ರ ದಶಕದಲ್ಲಿ ಮೈಕ್ರೋಸ್ಕೋಪ್ ಇಟ್ಟುಕೊಂಡು ರೂಢಿಗೆ ತಂದ ವಿಧಾನದಲ್ಲಿ ನರವನ್ನು ಕತ್ತರಿಸುವುದೇ ಇಲ್ಲ. ಕಿವಿಯ ಹಿಂದೆ ಸಣ್ಣ ಕಿಂಡಿ ಕೊರೆದು, ರಕ್ತನಾಳವನ್ನು ಸರಿಸಿ, ನಡುವೆ ಟೆಫ್ಲಾನ್ ಚೂರು ಇಡುತ್ತಾರೆ. ತಲೆಬುರುಡೆ ತೆರೆಯುವಷ್ಟು ತ್ರಾಣವಿಲ್ಲದವರಿಗೆ ಸೂಜಿ ಹಾಕಿ ನರಕ್ಕೆ ಬಿಸಿ ಕೊಡುವುದು, ಗಾಮಾ ನೈಫ್ ವಿಕಿರಣ ಮುಂತಾದ ದಾರಿಗಳಿವೆ. ಇವುಗಳಲ್ಲಿ ಕೆನ್ನೆ ಮರಗಟ್ಟುವ ಸಂಭವ ಜಾಸ್ತಿ, ಕೆಲವು ವರ್ಷಗಳಲ್ಲಿ ನೋವು ಮರಳುವುದೂ ಇದೆ.