ಸ್ಕೀಟ್ ಶೂಟಿಂಗ್: ಪಕ್ಕದ ಜಮೀನಿನ ಕೋಳಿಗಳು ಬದಲಿಸಿದ ಆಟ

ಒಲಿಂಪಿಕ್ಸ್ ಬಂದಾಗ ಟಿವಿಯಲ್ಲಿ ನೋಡಿರುತ್ತೀರಿ. ಎಡಗಡೆಯ ಎತ್ತರದ ಗೂಡಿನಿಂದಲೋ ಬಲಗಡೆಯ ತಗ್ಗಿನ ಗೂಡಿನಿಂದಲೋ ಬಿಲ್ಲೆಯೊಂದು ಸುಯ್ಯನೆ ಹಾರುತ್ತದೆ, ಸೊಂಟದ ಹತ್ತಿರ ಇದ್ದ ಶಾಟ್‌ಗನ್ ಹೆಗಲಿಗೇರುತ್ತದೆ, ಬಿಲ್ಲೆ ಪುಡಿಪುಡಿ. ಇದೇ ಸ್ಕೀಟ್. ನಿಂತು ಹೊಡೆಯುವ ಜಾಗಗಳು ಎಂಟು: ಏಳು ಅರ್ಧವೃತ್ತದ ಅಂಚಿನಲ್ಲಿ, ಒಂದು ಎರಡು ಗೂಡುಗಳ ನಡುವೆ. ಒಂದು ಸುತ್ತಿಗೆ 25 ಬಿಲ್ಲೆ. ಈ ಅರ್ಧವೃತ್ತ, ಈ 25 ಎಲ್ಲಿಂದ ಬಂದವು ಅಂತ ಹುಡುಕಿದರೆ ಶಾಸ್ತ್ರವೇನೂ ಸಿಗುವುದಿಲ್ಲ. ಸಿಗುವುದು ಕೋಳಿ ಮತ್ತು ತೋಟಾದ ಡಬ್ಬಿ.

1920ರ ಆಸುಪಾಸು, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಆಂಡೋವರ್. ಅಲ್ಲಿನ ಚಾರ್ಲ್ಸ್ ಡೇವಿಸ್‌ಗೆ ಗ್ರೌಸ್ ಎಂಬ ಕಾಡುಹಕ್ಕಿಯ ಬೇಟೆಯ ಹುಚ್ಚು. ಬೇಟೆಯ ಕಾಲ ಅಲ್ಲದಾಗಲೂ ಗುರಿ ಪಳಗಿರಬೇಕಲ್ವಾ? ಹಾರುವ ಬಿಲ್ಲೆಗೆ ಹೊಡೆಯುವ ಟ್ರ್ಯಾಪ್ ಶೂಟಿಂಗ್ ಆಗಲೇ ಇತ್ತು, ಆದರೆ ಅದರಲ್ಲಿ ಬಿಲ್ಲೆ ಯಾವಾಗಲೂ ನಮ್ಮಿಂದ ದೂರಕ್ಕೇ ಹೋಗುತ್ತದೆ. ಕಾಡಿನ ಹಕ್ಕಿ ಹಾಗಲ್ಲ, ಅಡ್ಡ ಹಾರುತ್ತದೆ, ಎದುರಿಗೇ ಬರುತ್ತದೆ, ತಲೆ ಮೇಲಿಂದ ಹೋಗುತ್ತದೆ. ಹಾಗಾಗಿ ಡೇವಿಸ್, ಅವರ ಮಗ ಮತ್ತು ಗೆಳೆಯ ವಿಲಿಯಂ ಹಾರ್ನ್‌ಡೆನ್ ಫೋಸ್ಟರ್ ಸೇರಿ ನೆಲದ ಮೇಲೆ ದೊಡ್ಡ ಗಡಿಯಾರದ ಹಾಗೆ ವೃತ್ತ ಗುರುತು ಮಾಡಿದರು. ಹನ್ನೆರಡು ಗಂಟೆಯ ಜಾಗದಲ್ಲಿ ಬಿಲ್ಲೆ ಎಸೆಯುವ ಯಂತ್ರ. ಪ್ರತಿ ಗಂಟೆಯ ಜಾಗದಿಂದ ಎರಡೆರಡು ಹೊಡೆತ, ಅಲ್ಲಿಗೆ 24. ಡಬ್ಬಿಯಲ್ಲಿ ತೋಟಾ ಇದ್ದದ್ದು 25. ಉಳಿದ ಒಂದನ್ನು ಸುಮ್ನೆ ಯಾಕೆ ಬಿಡೋದು ಅಂತ ವೃತ್ತದ ನಡುವೆ ನಿಂತು ಹೊಡೆದು ಮುಗಿಸುತ್ತಿದ್ದರು.

ಅಷ್ಟರಲ್ಲಿ ಪಕ್ಕದ ಜಮೀನಿನವರು ಕೋಳಿ ಸಾಕಣೆ ಶುರು ಮಾಡಿದರು. ಸುತ್ತಲೂ ಗುಂಡು ಹಾರಿಸಿದರೆ ಕೋಳಿಗಳ ಗತಿ? 1923ರಲ್ಲಿ ವೃತ್ತವನ್ನು ಅರ್ಧಕ್ಕೆ ಕತ್ತರಿಸಿ, ಆರು ಗಂಟೆಯ ಜಾಗದಲ್ಲಿ ಇನ್ನೊಂದು ಯಂತ್ರ ಇಟ್ಟರು. ಈಗ ಎರಡು ಕಡೆಯಿಂದ ಬಿಲ್ಲೆ ಬರುತ್ತದೆ, ಗುಂಡು ಮಾತ್ರ ಒಂದೇ ದಿಕ್ಕಿಗೆ. ನನ್ನ ಪ್ರಕಾರ ಆಟ ನಿಜವಾಗಿ ಹುಟ್ಟಿದ್ದು ಆವತ್ತೇ. ಇಲ್ಲದಿದ್ದರೆ ಪ್ರೇಕ್ಷಕರು ನಿಲ್ಲುವುದಾದರೂ ಎಲ್ಲಿ?

ಫೋಸ್ಟರ್ ಪತ್ರಿಕಾ ಸಂಪಾದಕ. 1926ರಲ್ಲಿ ತಮ್ಮ ಪತ್ರಿಕೆಯ ಮೂಲಕ ಆಟವನ್ನು ಊರಿಗೆಲ್ಲ ಸಾರಿ, ಹೆಸರು ಸೂಚಿಸಿದವರಿಗೆ 100 ಡಾಲರ್ ಬಹುಮಾನ ಎಂದರು. ಗೆದ್ದದ್ದು ಮೊಂಟಾನಾದ ಗೆರ್ಟ್ರೂಡ್ ಹರ್ಲ್‌ಬಟ್ ಕಳಿಸಿದ 'ಸ್ಕೀಟ್'. ಸ್ಕ್ಯಾಂಡಿನೇವಿಯಾ ಕಡೆಯ, ಗುಂಡು ಹೊಡೆಯುವುದು ಎಂಬರ್ಥದ ಮಾತಿನಿಂದ ಬಂದದ್ದು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ವಿಮಾನದ ಗನ್ನರ್‌ಗಳಿಗೆ ಇದೇ ಆಟದಿಂದ ತರಬೇತಿ ಕೊಟ್ಟಿತು. 1968ರಲ್ಲಿ ಮೆಕ್ಸಿಕೊದಲ್ಲಿ ಒಲಿಂಪಿಕ್ಸ್‌ಗೂ ಬಂತು.

ಹೆಸರು ಕೊಟ್ಟದ್ದೇನೋ ಹೆಂಗಸು, ಆದರೆ ಹೆಂಗಸರಿಗೆ ಜಾಗ ಸುಲಭವಾಗಿ ಸಿಗಲಿಲ್ಲ. 1992ರ ಬಾರ್ಸಿಲೋನಾದಲ್ಲಿ ಗಂಡಸರು ಹೆಂಗಸರು ಒಟ್ಟಿಗೇ ಸ್ಪರ್ಧಿಸುತ್ತಿದ್ದರು. ಚೀನಾದ ಝಾಂಗ್ ಶಾನ್ ಫೈನಲ್‌ಗೆ ಮುಂಚೆ 200ಕ್ಕೆ 200 ಹೊಡೆದು, ಗಂಡಸರನ್ನೆಲ್ಲ ಹಿಂದೆ ಹಾಕಿ ಚಿನ್ನ ಗೆದ್ದರು. ಮುಂದಿನ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಸ್ಕೀಟ್ ಗಂಡಸರಿಗೆ ಮಾತ್ರ! ಚಿನ್ನ ಗೆದ್ದವರೇ ಹೊರಗೆ. ಹೆಂಗಸರ ಪ್ರತ್ಯೇಕ ಸ್ಪರ್ಧೆ ಬಂದದ್ದು 2000ದಲ್ಲಿ, ಸಿಡ್ನಿಯಲ್ಲಿ.

2016ರಲ್ಲಿ ಭಾರತದಿಂದ ಒಲಿಂಪಿಕ್ಸ್ ಸ್ಕೀಟ್‌ಗೆ ಹೋದವರು ಮೈರಾಜ್ ಅಹ್ಮದ್ ಖಾನ್. 2024ರ ಪ್ಯಾರಿಸ್‌ನಲ್ಲಿ ಹೆಣ್ಣು-ಗಂಡು ಜೋಡಿಯ ಮಿಶ್ರ ತಂಡ ಸ್ಪರ್ಧೆ ಶುರುವಾಯಿತು. ಮಹೇಶ್ವರಿ ಚೌಹಾಣ್ ಮತ್ತು ಅನಂತಜೀತ್ ಸಿಂಗ್ ನರೂಕಾ ಕಂಚಿನ ಪಂದ್ಯದಲ್ಲಿ ಚೀನಾಕ್ಕೆ 43–44ರಿಂದ, ಒಂದೇ ಒಂದು ಬಿಲ್ಲೆಯಿಂದ ಸೋತರು.